ಮಾಣಿಕ್ಯ ಪರೀಕ್ಷೆ ಮತ್ತು ಜೈನ ರತ್ನವಣಿಕರ ಪರಂಪರೆ

ಜಿನಬಿಂಬ ಪ್ರತಿಷ್ಠೆಯ ಸಂದರ್ಭದಲ್ಲಿ ರತ್ನದ ಮಾತು ಮತ್ತೆ ಮತ್ತೆ ಕೇಳಿಬರುವುದು ಸಹಜವೇ ಆಗಿದೆ. ಗರ್ಭಕಲ್ಯಾಣದಲ್ಲಿ ಕುಬೇರನು ರತ್ನವೃಷ್ಟಿಯನ್ನು ಕರೆಯುತ್ತಾನೆ. ಜಿನಮಾತೆಯು ಕಂಡ ಹದಿನಾರು ಸ್ವಪ್ನಗಳಲ್ಲಿ ರತ್ನರಾಶಿಯೂ ಒಂದು. ಬಿಂಬವನ್ನು ನಿಲ್ಲಿಸುವ ಪೀಠದ ಕೆಳಗೆ ಪಂಚರತ್ನಗಳನ್ನು ಇರಿಸುವ ಪದ್ಧತಿಯು ಇಂದಿಗೂ ನಡೆದುಬಂದಿದೆ. ಮೋಕ್ಷಮಾರ್ಗವನ್ನೇ ಆಚಾರ್ಯರು ರತ್ನತ್ರಯವೆಂದು ಕರೆದರು. ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಪದ್ಮಪ್ರಭ ಮತ್ತು ವಾಸುಪೂಜ್ಯರು ರಕ್ತವರ್ಣದವರೆಂದು ಪುರಾಣಗಳು ಹೇಳುತ್ತವೆ. ಮೂಡುಬಿದಿರೆಯ ಗುರುಬಸದಿಯಲ್ಲಿ ಸಿದ್ಧಾಂತದರ್ಶನ ಮಾಡಿದವರಿಗೆ ಧವಲಾದಿ ಗ್ರಂಥಗಳ ತಾಳೆಯೋಲೆಗಳೊಡನೆ ಅಲ್ಲಿನ ನವರತ್ನದ ಜಿನಬಿಂಬಗಳ ನೆನಪೂ ಮಾಸದೆ ಉಳಿದಿರುತ್ತದೆ.

ಇವೆಲ್ಲ ಶ್ರಾವಕರಿಗೆ ತಿಳಿದ ವಿಷಯಗಳು. ಆದರೆ ಕೈಯಲ್ಲಿರುವ ಕೆಂಪು ಹರಳು ನಿಜವಾದ ಮಾಣಿಕ್ಯವೇ, ಆಗಿದ್ದರೆ ಅದು ಉತ್ತಮವೋ ಅಧಮವೋ ಎಂದು ನಿರ್ಣಯಿಸುವ ಶಾಸ್ತ್ರಕ್ಕೆ ಜೈನ ಗೃಹಸ್ಥನೊಬ್ಬನು ನೀಡಿದ ಕಾಣಿಕೆಯು ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕನ್ನಡದಲ್ಲಿ ಮಾಣಿಕ್ಯಕ್ಕೆ ಬಳಕೆಯ ಹೆಸರು 'ಕೆಂಪು' ಎಂದೇ. ಕೆಂಪಿನ ಓಲೆ, ಕೆಂಪಿನ ಉಂಗುರ ಎಂದಾಗ ಬಣ್ಣವನ್ನೂ ಕಲ್ಲನ್ನೂ ಒಂದೇ ಮಾತು ಹೇಳಿಬಿಡುತ್ತದೆ. ಈ ಸೌಲಭ್ಯದಲ್ಲಿಯೇ ಒಂದು ಅಪಾಯವೂ ಅಡಗಿದೆ. ಕೆಂಪಾದುದೆಲ್ಲವೂ ಮಾಣಿಕ್ಯವಲ್ಲವೆಂಬುದೇ ರತ್ನಪರೀಕ್ಷೆಯ ಮೊದಲ ಪಾಠ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಕೋಶಕ್ಕೆ ಸೇರಿಸಬೇಕಾದ ರತ್ನಗಳ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. (ಈ ಗ್ರಂಥವು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.) ಅಲ್ಲಿ ಕೆಂಪು ಮಣಿಗಳನ್ನು ಸೌಗಂಧಿಕ, ಪದ್ಮರಾಗ, ಅನವದ್ಯರಾಗ, ಪಾರಿಜಾತಪುಷ್ಪಕ, ಬಾಲಸೂರ್ಯಕ ಎಂದು ಹೆಸರಿಸಲಾಗಿದೆ. ಐದೂ ಬಣ್ಣವನ್ನು ಹೇಳುವ ಹೆಸರುಗಳೇ. ಆಗತಾನೆ ಹುಟ್ಟಿದ ಸೂರ್ಯನ ಕೆಂಪು ಬೇರೆ, ತಾವರೆಯ ಕೆಂಪು ಬೇರೆ ಎಂದು ಗುರುತಿಸಬಲ್ಲ ಕಣ್ಣುಗಳು ಆ ಕಾಲದಲ್ಲಿಯೇ ಪಳಗಿದ್ದವು.

ಮುಂದಿನ ಶಾಸ್ತ್ರಕಾರರು ಈ ವರ್ಣಭೇದಗಳನ್ನು ದೇಶಭೇದದೊಡನೆ ಜೋಡಿಸಿದರು. ಸಿಂಹಳದಲ್ಲಿ ದೊರೆಯುವ ಅಚ್ಚಗೆಂಪಿನ ಕಲ್ಲು ಪದ್ಮರಾಗ, ಅದೇ ಉತ್ತಮ. ಕಾಲಪುರದ್ದು ಹಳದಿಯ ಛಾಯೆಯ ಕುರುವಿಂದ. ಆಂಧ್ರದ್ದು ಅಶೋಕದ ಚಿಗುರಿನಂತಹ ಸೌಗಂಧಿಕ. ತುಂಬರ ದೇಶದ್ದು ನೀಲಿಯ ಛಾಯೆಯ ನೀಲಗಂಧಿ, ಅದು ಕಡೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126-1138) ರಚಿಸಿದ 'ಮಾನಸೋಲ್ಲಾಸ'ದಲ್ಲಿಯೂ ರತ್ನಪರೀಕ್ಷೆಗೆ ಸ್ಥಾನ ದೊರೆತಿದೆ. ಕನ್ನಡ ನಾಡಿನ ಅರಮನೆಯಲ್ಲಿ ಈ ವಿದ್ಯೆಯು ರಾಜನೇ ಅರಿತಿರಬೇಕಾದ ವಿದ್ಯೆಯಾಗಿದ್ದಿತೆಂಬುದಕ್ಕೆ ಇದೊಂದು ಸಾಕ್ಷಿ. ಈ ಊರುಗಳಲ್ಲಿ ಕೆಲವು ಇಂದು ಎಲ್ಲಿವೆಯೆಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡಬಹುದು. ಕೊಳ್ಳುವವನಿಗೆ ಮುಖ್ಯವಾದುದು ಬೇರೆಯಿದೆ. ಕೆಂಪಿನಲ್ಲಿ ಹಳದಿ ಎಷ್ಟು ಬೆರೆತಿದೆ, ನೀಲಿ ಎಷ್ಟು ಬೆರೆತಿದೆ ಎಂಬ ಎರಡು ಪ್ರಶ್ನೆಗಳ ಮೇಲೆಯೇ ಅಂದು ತರಗತಿ ನಿಂತಿದ್ದಿತು. ಇಂದಿಗೂ ಪೇಟೆಯಲ್ಲಿ ಅದು ಹಾಗೆಯೇ ನಿಂತಿದೆ. ಅತ್ತ ಕಿತ್ತಳೆಗೂ ವಾಲದೆ ಇತ್ತ ನೇರಳೆಗೂ ಜಾರದೆ, ಕಪ್ಪಿಡದೆ, ತೆಳುವಾಗದೆ ಇರುವ ಕೆಂಪಿಗೆ ಬೆಲೆ ಹೆಚ್ಚು. ಬರ್ಮಾದ ಮೊಗೋಕ್ ಗಣಿಗಳ ಅಂತಹ ಕಲ್ಲನ್ನು ವ್ಯಾಪಾರಿಗಳು ಪಾರಿವಾಳದ ರಕ್ತದ ಬಣ್ಣವೆಂದು ಹೊಗಳುತ್ತಾರೆ. ಅಹಿಂಸಾಪರರ ಕಿವಿಗೆ ಇದು ಹಿತವಾದ ಮಾತಲ್ಲ. ನಮ್ಮ ಶಾಸ್ತ್ರಕಾರರು ಉಪಯೋಗಿಸಿದ ದಾಳಿಂಬೆಯ ಬೀಜ, ಬಂಧೂಕದ ಹೂವು, ಗುಲಗಂಜಿ, ಅರಗು, ಮೊದಲ ಮಳೆಗೆ ಹೊರಬರುವ ಇಂದ್ರಗೋಪ ಮುಂತಾದ ಉಪಮಾನಗಳು ಕಣ್ಣಿಗೆ ಇನ್ನೂ ನಿಖರವಾದ ಅಳತೆಗೋಲುಗಳೆಂದೇ ಹೇಳಬೇಕು.

ಬಣ್ಣದ ಮೇಲೆ ಗುಣದೋಷಗಳ ವಿಚಾರ. ಕಾಂತಿಯಲ್ಲಿ ಸ್ನಿಗ್ಧತೆ, ಕೈಗೆ ತೂಕ, ನೈರ್ಮಲ್ಯ, ಗಾಢವಾದ ರಕ್ತಿಮೆ ಎಂಬ ನಾಲ್ಕು ಗುಣಗಳು. ದ್ವಿಚ್ಛಾಯ, ದ್ವಿರೂಪ, ಸಂಭೇದ, ಕರ್ಕರ, ಅಶೋಭನ, ಕೋಕಿಲ, ಜಡ, ಧೂಮ್ರ ಎಂಬ ಎಂಟು ದೋಷಗಳು. ಒಂದೇ ಕಲ್ಲಿನಲ್ಲಿ ಎರಡು ಬಣ್ಣ ತೋರುವುದು ದ್ವಿಚ್ಛಾಯ. ಒಡಕು ಸಂಭೇದ, ಒಳಗೆ ಮರಳಿನ ಕಣಗಳಿದ್ದಂತೆ ಕಾಣುವುದು ಕರ್ಕರ. ಹಾಲು ಸವರಿದಂತೆ ಮಸುಕಾಗಿರುವುದು ಅಶೋಭನ, ಜೇನಹನಿಯಂತಹ ಕಲೆ ಕೋಕಿಲ. ಹೊಳಪಿಲ್ಲದುದು ಜಡ, ಹೊಗೆ ಮುಸುಕಿದಂತಿರುವುದು ಧೂಮ್ರ. ಈ ಪಟ್ಟಿಯನ್ನು ಇಂದಿನ ರತ್ನಪರೀಕ್ಷಕನ ಮುಂದಿಟ್ಟರೆ ಆತನು ನಗುವುದಿಲ್ಲ. ಹೆಸರುಗಳನ್ನು ಮಾತ್ರ ಬದಲಾಯಿಸಿ, ಬಹುತೇಕ ಇವನ್ನೇ ತನ್ನ ವರದಿಯಲ್ಲಿ ಬರೆಯುತ್ತಾನೆ. ಕಲ್ಲುಗಳನ್ನು ಬ್ರಾಹ್ಮಣಾದಿ ನಾಲ್ಕು ಜಾತಿಗಳಾಗಿ ವಿಂಗಡಿಸಿದ ಭಾಗದ ಬಗೆಗೆ ಇದೇ ಮಾತನ್ನು ಹೇಳುವಂತಿಲ್ಲ. ಅದು ಪರೀಕ್ಷೆಗೆ ಅಂದೂ ಉಪಯೋಗವಾಗಲಿಲ್ಲ, ಇಂದೂ ಆಗದು.

ಹಾಲಿನ ಪರೀಕ್ಷೆಯು ಕುತೂಹಲಕರವಾದುದು. ಉತ್ತಮ ಮಾಣಿಕ್ಯವನ್ನು ಹಾಲಿನಲ್ಲಿಟ್ಟರೆ ಹಾಲಿಗೆ ಕೆಂಪು ಹಬ್ಬುತ್ತದೆ, ಬೆಳಗಿನ ಬಿಸಿಲಿಗೆ ಹಿಡಿದರೆ ಕಲ್ಲು ತಾನೇ ಕಿರಣವನ್ನು ಹೊರಸೂಸುತ್ತದೆ ಎಂಬ ನಂಬಿಕೆ ಬಹುಕಾಲದಿಂದ ಬಂದಿದೆ. ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕಿದವರುಂಟು. ಆದರೆ ಮಾಣಿಕ್ಯದ ಕೆಂಪಿಗೆ ಕಾರಣವಾದ ಕ್ರೋಮಿಯಂ ಧಾತುವು ಬಿಸಿಲಿನ ಬೆಳಕನ್ನು ಹೀರಿ ಅದನ್ನೇ ಕೆಂಬೆಳಕಾಗಿ ಹೊರಬಿಡುತ್ತದೆಂಬುದು ಈಗ ಸ್ಥಾಪಿತವಾದ ಸಂಗತಿ. ಅಮೃತಶಿಲೆಯ ನೆಲೆಯಲ್ಲಿ ಹುಟ್ಟಿದ, ಕಬ್ಬಿಣದ ಅಂಶ ಕಡಿಮೆಯಿರುವ ಬರ್ಮಾದ ಕಲ್ಲುಗಳಲ್ಲಿ ಈ ಗುಣ ಎದ್ದುಕಾಣುತ್ತದೆ. ಕಬ್ಬಿಣ ಹೆಚ್ಚಿರುವ ಥಾಯ್ಲೆಂಡಿನ ಕಲ್ಲುಗಳಲ್ಲಿ ಅದು ಅಡಗಿಹೋಗುತ್ತದೆ. ಹಾಲು ಕೆಂಪಾಗುವುದಿಲ್ಲವೆಂಬುದು ನಿಜ. ಕಲ್ಲು ಉರಿಯುವ ಕೆಂಡದಂತೆ ಕಾಣುವುದೂ ನಿಜ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆಯೊಂದು ಗರುಡಪುರಾಣದ ರತ್ನಭಾಗದಲ್ಲಿದೆ. ಪದ್ಮರಾಗ ಮತ್ತು ಇಂದ್ರನೀಲಗಳ ಮೇಲೆ ಗೀರು ಎಳೆಯಲು ವಜ್ರಕ್ಕೂ ಕುರುವಿಂದಕ್ಕೂ ಮಾತ್ರ ಸಾಧ್ಯ, ಮತ್ತಾವುದಕ್ಕೂ ಸಾಧ್ಯವಿಲ್ಲವೆಂಬುದು ಅದರ ತಾತ್ಪರ್ಯ. ಕೆಂಪಾದ ಮಾಣಿಕ್ಯವೂ ನೀಲಿಯಾದ ಇಂದ್ರನೀಲವೂ ಕಾಠಿನ್ಯದಲ್ಲಿ ಒಂದೇ ಎಂದು ಇಲ್ಲಿ ಗುರುತಿಸಲಾಗಿದೆ. ಇವೆರಡೂ ಅಲ್ಯೂಮಿನಿಯಂ ಆಕ್ಸೈಡಿನ ಒಂದೇ ಖನಿಜವೆಂದು ಯುರೋಪಿನ ರಸಾಯನಶಾಸ್ತ್ರವು ಕಂಡುಕೊಂಡದ್ದು ಎಷ್ಟೋ ಶತಮಾನಗಳ ತರುವಾಯ. ಆ ಖನಿಜಕ್ಕೆ ಇಂಗ್ಲಿಷಿನಲ್ಲಿ ಬಂದಿರುವ ಕೋರಂಡಂ ಎಂಬ ಹೆಸರೂ ದಕ್ಷಿಣದ ನಮ್ಮ ಕುರುಂದದ ಕಲ್ಲಿನಿಂದಲೇ ಹೋದುದು.

ಹೀಗೆ ಸಂಸ್ಕೃತದಲ್ಲಿ ಶಾಸ್ತ್ರವು ಬೆಳೆದಿದ್ದರೂ ಅದರಲ್ಲಿ ಒಂದು ಕೊರತೆಯಿದ್ದಿತು. ಒಬ್ಬರು ಬರೆದುದನ್ನೇ ಇನ್ನೊಬ್ಬರು ಬರೆಯುತ್ತ ಹೋದರು. ತನ್ನ ಕಣ್ಣಿನಿಂದ ಕಂಡು, ಪೇಟೆಯ ಬೆಲೆಯನ್ನು ಅರಿತು ಬರೆದವನೆಂದು ಹೇಳಬಹುದಾದವನು ಠಕ್ಕುರ ಫೇರು. ಶ್ರೀಮಾಲ ಕುಲದ ಜೈನ ಗೃಹಸ್ಥನಾದ ಈತನು ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯ ಸೇವೆಯಲ್ಲಿದ್ದನು. 1315ರಲ್ಲಿ ಈತನು ಪ್ರಾಕೃತದಲ್ಲಿ 'ರಯಣಪರಿಕ್ಖಾ' ಅಂದರೆ ರತ್ನಪರೀಕ್ಷೆ ಎಂಬ ಗ್ರಂಥವನ್ನು ತನ್ನ ಮಗ ಹೇಮಪಾಲನಿಗಾಗಿ ರಚಿಸಿದನು. ಅದೇ ವರ್ಷ 'ವಾಸ್ತುಸಾರ'ವನ್ನೂ ಬರೆದನು. ಗೃಹನಿರ್ಮಾಣ, ಬಿಂಬಲಕ್ಷಣ, ಪ್ರಾಸಾದಗಳನ್ನು ಕುರಿತ ಆ ಗ್ರಂಥವನ್ನು ಜೈನ ಶಿಲ್ಪಿಗಳು ಆದರಿಸುತ್ತ ಬಂದಿದ್ದಾರೆ. 1318ರಲ್ಲಿ ನಾಣ್ಯಗಳ ಪರೀಕ್ಷೆಗಾಗಿ 'ದ್ರವ್ಯಪರೀಕ್ಷಾ' ರಚಿತವಾಯಿತು. ಗಣಿತ, ಜ್ಯೋತಿಷ್ಯಗಳ ಮೇಲೆಯೂ ಈತನ ಗ್ರಂಥಗಳುಂಟು.

ರಯಣಪರಿಕ್ಖಾ ದೊಡ್ಡ ಪುಸ್ತಕವಲ್ಲ, ಸುಮಾರು 130 ಗಾಥೆಗಳು. ಹಿಂದಿನ ಶಾಸ್ತ್ರಕಾರರನ್ನು ಫೇರು ಸ್ಮರಿಸುತ್ತಾನೆ. ಆದರೆ ಅಷ್ಟಕ್ಕೆ ನಿಲ್ಲದೆ, ಸುಲ್ತಾನನ ಭಂಡಾರದ ಸಮುದ್ರದಂತಹ ರತ್ನರಾಶಿಯನ್ನು ತಾನೇ ಕಂಡುದಾಗಿಯೂ ಹೇಳುತ್ತಾನೆ. ಮಾಣಿಕ್ಯದಲ್ಲಿ ಪದ್ಮರಾಗ, ಸೌಗಂಧಿಕ, ನೀಲಗಂಧ, ಕುರುವಿಂದಗಳ ಜೊತೆಗೆ ಜಾಮುನಿಯ ಎಂಬ ಐದನೆಯ ಬಗೆಯನ್ನು ಕೊಡುತ್ತಾನೆ. ನೇರಳೆಹಣ್ಣಿನ ಬಣ್ಣದ ಕಲ್ಲಿಗೆ ಪೇಟೆಯವರು ಆಡುತ್ತಿದ್ದ ಹೆಸರೇ ಇದಾಗಿರಬೇಕು. ವಜ್ರ, ಮುತ್ತು, ಮಾಣಿಕ್ಯ, ಪಚ್ಚೆಗಳಿಗೆ ತೂಕದ ಪ್ರಕಾರ ಟಂಕಗಳಲ್ಲಿ ಬೆಲೆಯ ಪಟ್ಟಿಯನ್ನು ಇಟ್ಟಿದ್ದಾನೆ. ಅತ್ಯಂತ ಗಮನಾರ್ಹವಾದುದೆಂದರೆ ಪಾರಸಿಗರ ನಾಡಿನ ಕಲ್ಲುಗಳನ್ನು ಪ್ರತ್ಯೇಕವಾಗಿ ಹೇಳಿರುವುದು. ಬದಖ್‌ಶಾನದ 'ಲಾಲ'ವನ್ನು ಈತನು ಮಾಣಿಕ್ಯದ ಜೊತೆಗೆ ಸೇರಿಸದೆ ಬೇರೆಯಾಗಿ ಇಟ್ಟನು. ಈ ಲಾಲವೇ ಇಂದಿನ ಸ್ಪಿನೆಲ್. ನೋಡಲು ಮಾಣಿಕ್ಯದಂತೆಯೇ ಇದ್ದರೂ ಮೃದುವಾದ, ಹಗುರವಾದ ಬೇರೆ ಖನಿಜವಿದು. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿ ಶತಮಾನಗಳ ಕಾಲ ಮಾಣಿಕ್ಯವೆಂದು ಮೆರೆದ 'ಬ್ಲ್ಯಾಕ್ ಪ್ರಿನ್ಸ್' ಕಲ್ಲು ಸ್ಪಿನೆಲ್ ಎಂದು ಆ ಮೇಲೆ ತಿಳಿಯಿತು. ಯುರೋಪಿನಲ್ಲಿ ಇವೆರಡನ್ನೂ ಶಾಸ್ತ್ರೀಯವಾಗಿ ಬೇರ್ಪಡಿಸಿದ್ದು 1783ರಲ್ಲಿ. ಫೇರುವಿನ ಗ್ರಂಥಕ್ಕೂ ಆ ವರ್ಷಕ್ಕೂ ನಡುವೆ 468 ವರ್ಷಗಳ ಅಂತರವಿದೆ. ಈ ಭೇದವನ್ನು ಕಂಡವರಲ್ಲಿ ಫೇರುವೇ ಮೊದಲಿಗನೆಂದು ಹೊಗಳಿದರೆ ಅದು ಅತಿಯಾದೀತು. ಆತನಿಗಿಂತ ಮೂರು ಶತಮಾನ ಹಿಂದೆಯೇ ಅಲ್‌ಬೆರೂನಿ ಲಾಲವನ್ನು ಬೇರೆಯಾಗಿ ಗುರುತಿಸಿದ್ದನು.

ಕನ್ನಡಿಗರು ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. 1311ರಲ್ಲಿ ಮಲಿಕ್ ಕಾಫೂರನು ದೋರಸಮುದ್ರದ ಮೇಲೆ ಏರಿಬಂದನು. ಹೊಯ್ಸಳ ಮೂರನೆಯ ಬಲ್ಲಾಳನು ತನ್ನ ಸಂಪತ್ತನ್ನು ಒಪ್ಪಿಸಬೇಕಾಯಿತು. ಅದಕ್ಕೆ ಮೊದಲು ದೇವಗಿರಿ, ವಾರಂಗಲ್ಲುಗಳ ಭಂಡಾರಗಳೂ ದೆಹಲಿಗೆ ಹೋಗಿದ್ದವು. ನಾಲ್ಕು ವರ್ಷಗಳ ಬಳಿಕ ಫೇರುವು ಸುಲ್ತಾನನ ಭಂಡಾರದಲ್ಲಿ ಕಂಡ ರತ್ನಗಳಲ್ಲಿ ದೋರಸಮುದ್ರದ ಕೆಂಪುಗಳೂ ಇದ್ದಿರಬಹುದೆಂಬ ಊಹೆ ಅಸಂಗತವಲ್ಲ. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕನ್ನಡಿಯಂತಹ ಕಂಬಗಳ ನಡುವೆ ನಿಂತವರಿಗೆ ಈ ನೆನಪು ಹಿತಕರವಾಗಿರಲಾರದು.

ಫೇರುವಿನ ಗ್ರಂಥಗಳ ಪ್ರತಿಯೊಂದು ಆತನ ಕಾಲಕ್ಕೆ ಸಮೀಪದಲ್ಲಿಯೇ ಬರೆಯಲ್ಪಟ್ಟು, ಆ ಮೇಲೆ ಮರೆವಿಗೆ ಸಂದಿದ್ದಿತು. 1946ರಲ್ಲಿ ಕಲ್ಕತ್ತೆಯ ಜೈನ ಗ್ರಂಥಭಂಡಾರವೊಂದರಲ್ಲಿ ಅದನ್ನು ಗುರುತಿಸಿ ಬೆಳಕಿಗೆ ತಂದವರು ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರು. 1961ರಲ್ಲಿ ಜೋಧಪುರದಿಂದ ಅದು ಅಚ್ಚಾಗಿ ಹೊರಬಂದಿತು. ಜ್ಞಾನಭಂಡಾರಗಳನ್ನು ಕಾಪಾಡಿದ ಶ್ರಾವಕರ ಶ್ರಮಕ್ಕೆ ಬೆಲೆ ಕಟ್ಟುವ ಟಂಕಗಳ ಪಟ್ಟಿಯನ್ನು ಯಾರೂ ಬರೆದಿಲ್ಲ.

ರತ್ನವ್ಯಾಪಾರವು ಜೈನರಲ್ಲಿ ಇಷ್ಟು ನೆಲೆಯೂರಲು ಧಾರ್ಮಿಕ ಕಾರಣವೂ ಇದ್ದಿತು. ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ನೆಲವನ್ನು ಅಗೆದು ಸೀಳುವ ವೃತ್ತಿಯೂ ಒಂದು. ಗಣಿ ತೋಡುವುದು ಸಲ್ಲದು. ತೋಡಿ ತಂದ ಕಲ್ಲನ್ನು ಪರೀಕ್ಷಿಸಿ ಮಾರುವುದಕ್ಕೆ ಅಡ್ಡಿಯಿರಲಿಲ್ಲ. ಈ ವಿಂಗಡಣೆ ಎಷ್ಟರಮಟ್ಟಿಗೆ ಒಪ್ಪತಕ್ಕದ್ದೆಂಬುದು ಬೇರೆಯೇ ಚರ್ಚೆ. ಆದರೆ ಮಾರುವವನ ಮೇಲೂ ಕಟ್ಟುಪಾಡಿದ್ದಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನವೆಂದರೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು. ಪ್ರತಿರೂಪಕ ವ್ಯವಹಾರವೆಂದರೆ ಒಂದನ್ನು ತೋರಿಸಿ ಅದರಂತೆಯೇ ಕಾಣುವ ಇನ್ನೊಂದನ್ನು ಕೊಡುವುದು. ಲಾಲವನ್ನು ಮಾಣಿಕ್ಯವೆಂದು ಮಾರುವವನು ಕೇವಲ ಸುಳ್ಳು ಹೇಳಿದವನಲ್ಲ, ಕಳ್ಳನೇ ಆದನೆಂದು ಇದರ ಅರ್ಥ.

ಈ ವೃತ್ತಿಯ ಕಷ್ಟಸುಖಗಳನ್ನು ಒಳಗಿನಿಂದಲೇ ಬರೆದಿಟ್ಟವರು 'ಸಮಯಸಾರ ನಾಟಕ'ದ ಕರ್ತೃ ಕವಿವರ ಬನಾರಸೀದಾಸರು. ಅವರು 1641ರಲ್ಲಿ ಮುಗಿಸಿದ ಆತ್ಮಕಥೆ 'ಅರ್ಧಕಥಾನಕ'ದಲ್ಲಿ ಜೌನಪುರದ ಜವಾಹಿರಿಗಳ ಬದುಕು ಕಣ್ಣಿಗೆ ಕಟ್ಟುತ್ತದೆ. ಅವರ ತಂದೆ ಖರಗಸೇನರೂ ಜವಾಹಿರಿ. 1598ರ ಸುಮಾರಿಗೆ ಅಲ್ಲಿನ ನವಾಬ ಕಿಲಿಚ್ ಖಾನನು ತಾನು ಬಯಸಿದ ವಸ್ತುವನ್ನು ಒದಗಿಸಲಿಲ್ಲವೆಂದು ಊರಿನ ಜವಾಹಿರಿಗಳನ್ನೆಲ್ಲ ಸೆರೆಹಿಡಿಸಿ ಚಾವಟಿಯಿಂದ ಹೊಡೆಸಿದನು. ಬಿಡುಗಡೆಯಾದೊಡನೆ ಅವರೆಲ್ಲ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು ಚೆದರಿಹೋದರು. ಮುಂದೆ ತರುಣ ಬನಾರಸೀದಾಸರು ತಂದೆ ಕೊಟ್ಟ ಮಾಣಿಕ್ಯ, ನೀಲ, ಪಚ್ಚೆ, ಚುನ್ನಿಗಳ ಜೊತೆಗೆ ಎಣ್ಣೆ, ತುಪ್ಪ, ಬಟ್ಟೆಗಳನ್ನೂ ಹೇರಿಕೊಂಡು ಆಗ್ರಾಕ್ಕೆ ಹೊರಟರು. ವ್ಯಾಪಾರದಲ್ಲಿ ಪಳಗದ ಅವರಿಗೆ ಲಾಭ ದೊರೆಯಲಿಲ್ಲ. ಸೊಂಟದಲ್ಲಿ ಕಟ್ಟಿಕೊಂಡಿದ್ದ ಹರಳುಗಳು ಜಾರಿ ಬಿದ್ದುಹೋದವು. ಬಟ್ಟೆಯಲ್ಲಿ ಗಂಟುಹಾಕಿಟ್ಟಿದ್ದನ್ನು ಇಲಿಗಳು ಎಳೆದೊಯ್ದವು. ಈ ನಷ್ಟಗಳನ್ನು ಅವರು ಮರೆಮಾಚದೆ, ನಗುತ್ತಲೇ ಬರೆದಿದ್ದಾರೆ. ಅದೇ ಕಾಲದಲ್ಲಿ ಅಹಮದಾಬಾದಿನ ಶಾಂತಿದಾಸ ಜವಾಹಿರಿಯು ಜಹಾಂಗೀರ, ಶಾಹಜಹಾನರ ದರ್ಬಾರಿಗೆ ರತ್ನಗಳನ್ನು ಒದಗಿಸಿ, ಸರಸಪುರದಲ್ಲಿ ಚಿಂತಾಮಣಿ ಪಾರ್ಶ್ವನಾಥನ ಮಂದಿರವನ್ನು ಕಟ್ಟಿಸಿದನು.

ತಪ್ಪು ಕಲ್ಲಿಗೆ ಎಂತಹ ಬೆಲೆ ಬೀಳಬಹುದೆಂಬುದಕ್ಕೆ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಒಂದು ನಿದರ್ಶನವನ್ನು ಕೊಟ್ಟಿದ್ದಾನೆ. ಔರಂಗಜೇಬನಿಗೆ ಕಾಣಿಕೆ ಕೊಡಲೆಂದು ಜಾಫರ್ ಖಾನನು ದೊಡ್ಡ ಕೆಂಪು ಕಲ್ಲೊಂದನ್ನು 95,000 ರೂಪಾಯಿಗೆ ಕೊಂಡನು. ಆಸ್ಥಾನದಲ್ಲಿದ್ದ ಭಾರತೀಯ ಮುದಿ ಜವಾಹಿರಿಯೊಬ್ಬನು, ಇದು ನಿಜವಾದ ಕಲ್ಲಲ್ಲ, 500 ರೂಪಾಯಿಗೂ ಹೆಚ್ಚು ಬಾಳದು ಎಂದುಬಿಟ್ಟನು. ಉಳಿದ ಪರೀಕ್ಷಕರು ಒಪ್ಪಲಿಲ್ಲ. ರತ್ನಗಳನ್ನು ಬಲ್ಲವರಲ್ಲಿ ಶಾಹಜಹಾನನಿಗೆ ಸಮಾನರಿಲ್ಲವೆಂದು ಔರಂಗಜೇಬನಿಗೆ ತಿಳಿದಿತ್ತು. ತಾನೇ ಆಗ್ರಾದಲ್ಲಿ ಸೆರೆಯಿಟ್ಟಿದ್ದ ತಂದೆಯ ಬಳಿಗೆ ಆ ಕಲ್ಲನ್ನು ಕಳುಹಿಸಿದನು. ರಾಜ್ಯವನ್ನು ಕಳೆದುಕೊಂಡಿದ್ದರೂ ಕಣ್ಣನ್ನು ಕಳೆದುಕೊಳ್ಳದಿದ್ದ ಆ ವೃದ್ಧನು ಮುದಿ ಜವಾಹಿರಿಯ ಮಾತೇ ಸರಿಯೆಂದನು. ಮಾರಿದವನು ಹಣ ಹಿಂದಿರುಗಿಸಬೇಕಾಯಿತು.

ಕಣ್ಣೊಂದನ್ನೇ ನಂಬಿ ನಡೆದ ಈ ಯುಗವು 1902ರಲ್ಲಿ ಕೊನೆಗೊಂಡಿತೆನ್ನಬೇಕು. ಆ ವರ್ಷ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೂಯಿ, ಅಲ್ಯೂಮಿನಾ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯವನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದನು. ಲಾಲವಾಗಲಿ ಗಾಜಾಗಲಿ ಮಾಣಿಕ್ಯವೇ ಅಲ್ಲ, ಹಳೆಯ ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತವೆ. ಈ ಕಲ್ಲಾದರೋ ದ್ರವ್ಯದಲ್ಲಿ ಮಾಣಿಕ್ಯವೇ. ತೂಕ, ಕಾಠಿನ್ಯ, ಹಾಲಿನಲ್ಲಿ ಕೆಂಡದಂತಹ ಕಾಂತಿ ಎಲ್ಲದರಲ್ಲಿಯೂ ತೇರ್ಗಡೆಯಾಗುತ್ತದೆ. ಹಳೆಯ ಕೈಗಡಿಯಾರಗಳ ಮೇಲೆ 17 ಜ್ಯುವೆಲ್ ಎಂದು ಬರೆದಿರುತ್ತಿದ್ದುದು ಇಂತಹ ಕಲ್ಲುಗಳನ್ನೇ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ಬಾಗಿದ ಗೆರೆಗಳು, ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಅದು ಕುಲುಮೆಯ ಕಲ್ಲು. ನೆಲದ ಕಲ್ಲಿನಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿದ್ದು ಕೋನದಲ್ಲಿ ಸೇರುತ್ತವೆ, ರೇಷ್ಮೆಯೆಳೆಯಂತಹ ಸೂಜಿಗಳು ಕಾಣಬಹುದು. ಶಾಸ್ತ್ರವು ದೋಷವೆಂದು ಕರೆದ ಕರ್ಕರ, ಅಶೋಭನಗಳೇ ಇಂದು ಕಲ್ಲು ಸಹಜವಾದುದೆಂಬುದಕ್ಕೆ ಸಾಕ್ಷಿಯಾಗಿ ನಿಂತಿವೆ! ಒಂದು ಕಲೆಯೂ ಇಲ್ಲದ, ದೊಡ್ಡದಾದ, ಅಗ್ಗವಾದ ಕೆಂಪನ್ನು ಕಂಡರೆ ಹಿಗ್ಗುವುದಕ್ಕಿಂತ ಮೊದಲು ಸಂದೇಹಪಡಬೇಕು.

2004ರಿಂದ ಈಚೆಗೆ ಇನ್ನೊಂದು ವಂಚನೆಯು ಸೇರಿಕೊಂಡಿದೆ. ಬಿರುಕುಗಳಿಂದ ತುಂಬಿದ ಕೀಳು ಕುರುಂದದೊಳಗೆ ಸೀಸದ ಗಾಜನ್ನು ಕರಗಿಸಿ ತುಂಬುತ್ತಾರೆ. ಬಿರುಕುಗಳು ಕಣ್ಣಿಗೆ ಮರೆಯಾಗುತ್ತವೆ. ಅಕ್ಕಸಾಲಿಯ ಉರಿ ಅಥವಾ ಆಮ್ಲ ತಗಲಿದರೆ ಆ ಗಾಜು ಕೆಡುತ್ತದೆ, ಆಗ ಬಡ ಅಕ್ಕಸಾಲಿಯ ಮೇಲೆ ಅಪವಾದ ಬರುತ್ತದೆ. ಬಣ್ಣ ತಿಳಿಯಾಗಲೆಂದು ಕಲ್ಲನ್ನು ಕಾಯಿಸುವುದು ಮಾತ್ರ ಬಹಳ ಹಳೆಯ ಪದ್ಧತಿ. ಅದನ್ನು ತಿಳಿಸಿ ಮಾರಿದರೆ ದೋಷವಿಲ್ಲವೆಂದು ವ್ಯಾಪಾರಿಗಳು ಒಪ್ಪಿದ್ದಾರೆ. ಕಾಯಿಸದ ಉತ್ತಮ ಕಲ್ಲಿಗೆ ದೊರೆಯುವ ಬೆಲೆಯೇ ಬೇರೆ. 2015ರಲ್ಲಿ ಜಿನೀವಾದ ಹರಾಜಿನಲ್ಲಿ 25.59 ಕ್ಯಾರಟ್ ತೂಕದ ಬರ್ಮಾದ ಮಾಣಿಕ್ಯವೊಂದು 3 ಕೋಟಿ ಡಾಲರಿಗೂ ಮೀರಿ ಮಾರಾಟವಾಯಿತು.

ನಮ್ಮ ದಕ್ಷಿಣದ ಹಳೆಯ ಒಡವೆಗಳನ್ನು ಕೊಳ್ಳುವವರು ಇನ್ನೊಂದನ್ನು ನೆನಪಿನಲ್ಲಿಡಬೇಕು. ಕೆಂಪುಗಳನ್ನು ಹಿಂಬದಿ ಮುಚ್ಚಿದ ಕುಂದಣದಲ್ಲಿ, ಅಡಿಯಲ್ಲಿ ಬಣ್ಣದ ತಗಡಿಟ್ಟು ಕೂರಿಸುವುದು ಇಲ್ಲಿನ ಸಂಪ್ರದಾಯ. ಅದರಲ್ಲಿ ಮೋಸದ ಉದ್ದೇಶವಿಲ್ಲ, ಆದರೆ ಕಾಣುವ ಕೆಂಪಿನಲ್ಲಿ ಕಲ್ಲಿನದೆಷ್ಟು ತಗಡಿನದೆಷ್ಟು ಎಂಬುದು ಬಿಚ್ಚದೆ ತಿಳಿಯದು. ಅಂಗಡಿಯ ಹಳದಿ ವಿದ್ಯುದ್ದೀಪವೂ ಎಲ್ಲ ಕೆಂಪುಗಳನ್ನೂ ಏರಿಸಿ ತೋರಿಸುತ್ತದೆ. ಬಿಡಿಕಲ್ಲನ್ನು ಬಿಳಿಯ ಕಾಗದದ ಮೇಲಿರಿಸಿ, ಬಿಸಿಲಿನಲ್ಲೊಮ್ಮೆ ನೆರಳಿನಲ್ಲೊಮ್ಮೆ, ಮೇಲಿನಿಂದಲೂ ಪಕ್ಕದಿಂದಲೂ ತಿರುಗಿಸಿ ನೋಡಬೇಕು. ಮಾಣಿಕ್ಯವು ದಿಕ್ಕು ಬದಲಾದಂತೆ ನೇರಳೆಗೆಂಪನ್ನೂ ಕಿತ್ತಳೆಗೆಂಪನ್ನೂ ತೋರುತ್ತದೆ, ಲಾಲ ಎತ್ತ ತಿರುಗಿಸಿದರೂ ಒಂದೇ. ಬೆಲೆ ಹೆಚ್ಚಾಗಿದ್ದರೆ ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಕೊಳ್ಳತಕ್ಕದ್ದಲ್ಲ. ಅದರಲ್ಲಿ ಸಹಜವೇ, ಕಾಯಿಸಿದುದೇ, ಗಾಜು ತುಂಬಿದುದೇ ಎಂಬ ಮೂರು ಮಾತುಗಳೂ ಸ್ಪಷ್ಟವಾಗಿರಬೇಕು.

ಬಣ್ಣದ ಕಲ್ಲುಗಳ ವ್ಯಾಪಾರಕ್ಕೆ ಇಂದು ಹೆಸರಾದ ಜಯಪುರದ ಜೌಹರಿ ಬಜಾರಿನಲ್ಲಿ ಜೈನ ಮನೆತನಗಳು ಈ ವೃತ್ತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಅಲ್ಲಿಯೂ ಪ್ರಯೋಗಾಲಯಗಳಿವೆ. ಆದರೂ ಹರಳನ್ನು ಅಲ್ಲಿಗೆ ಕಳುಹಿಸುವ ಮುನ್ನ ಅನುಭವಸ್ಥನಾದ ಹಿರಿಯನು ಅದನ್ನು ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ, ಎರಡು ಬೆರಳ ನಡುವೆ ಹಿಡಿದು ನೋಡುತ್ತಾನೆ. ಪಕ್ಕದಲ್ಲಿ ಮಗನು ಕುಳಿತಿರುತ್ತಾನೆ.